ಪೋರ್ಟ್‌ಫೋಲಿಯೊಗೆ ದುಡ್ಡು ಸುರಿಯುವ ಮೊದಲು ಅಳತೆ ಟೇಪು ಹಿಡಿಯಿರಿ

ಮಾಡೆಲಿಂಗ್‌ಗೆ ಇಳಿಯಬೇಕು ಅಂದುಕೊಂಡ ಹುಡುಗ ಹುಡುಗಿಯರು ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಪೋರ್ಟ್‌ಫೋಲಿಯೊ ಎಲ್ಲಿ ಮಾಡಿಸೋದು, ಎಷ್ಟಾಗುತ್ತೆ?" ಕೆಲಸ ಕೊಡುವವರಿಗೆ ತೋರಿಸುವ ಆ ಫೋಟೊ ಆಲ್ಬಂನ ಪ್ರಶ್ನೆ ಬರಬೇಕಾದದ್ದು ಎರಡು ಮೂರು ತಿಂಗಳ ನಂತರ. ಮೊದಲ ವಾರಕ್ಕೆ ಬೇಕಾಗಿರುವುದು ದರ್ಜಿಯ ಟೇಪು, ಒಂದು ಖಾಲಿ ಗೋಡೆ, ಒಳ್ಳೆ ಬೆಳಕು ಬರುವ ಕಿಟಕಿ ಮತ್ತು ಮನೆಯಲ್ಲೇ ಇರುವ ಫೋನು. ಕೆಲಸ ಕೊಡುವವರು ಮೊದಲು ನೋಡುವುದು ಈ ನಾಲ್ಕರಿಂದ ಹುಟ್ಟುವ ಚಿತ್ರಗಳನ್ನೇ. ಇದು ಗೊತ್ತಿಲ್ಲದೆ ಸಾಲ ಮಾಡಿ ಆಲ್ಬಂ ಮಾಡಿಸಿಕೊಂಡು, ಅದನ್ನು ಯಾರೂ ತೆರೆದು ನೋಡದೆ ಹೋದಾಗ ಎಷ್ಟೋ ಮಕ್ಕಳು ಕುಗ್ಗಿಹೋಗುತ್ತಾರೆ. ಹಾಗಾಗಬಾರದು ಅನ್ನುವುದಕ್ಕಾಗಿಯೇ ಇಷ್ಟು ವಿವರವಾಗಿ ಬರೆಯುತ್ತಿದ್ದೇವೆ.

ಯಾವ ಕೆಲಸಕ್ಕೆ ನೀವು ಹೊಂದುತ್ತೀರಿ

ಮಾಡೆಲಿಂಗ್ ಅಂದ ಕೂಡಲೇ ರ‍್ಯಾಂಪ್ ಕಣ್ಮುಂದೆ ಬರುತ್ತದೆ. ಆದರೆ ಬೆಂಗಳೂರಿನಲ್ಲಿ ವರ್ಷಪೂರ್ತಿ ನಡೆಯುವ ಕೆಲಸ ಕ್ಯಾಟಲಾಗ್‌ನದು. ಮಿಂತ್ರಾ 2007ರಲ್ಲಿ ಶುರುವಾದದ್ದು ಇಲ್ಲಿ; ಫ್ಲಿಪ್‌ಕಾರ್ಟ್, ಮೀಶೊ ಕೂಡ ಇಲ್ಲಿಯವೇ. ಆನ್‌ಲೈನ್‌ನಲ್ಲಿ ಮಾರಾಟಕ್ಕಿಡುವ ಕುರ್ತಾ, ಜೀನ್ಸ್, ಶರ್ಟನ್ನು ಯಾರಾದರೂ ತೊಟ್ಟು ನಿಲ್ಲಬೇಕು, ಮುಂದೆ ಹಿಂದೆ ತಿರುಗಬೇಕು. ಹೊಸಬರ ಹೊಟ್ಟೆ ತುಂಬಿಸುವ ಕೆಲಸ ಇದು. ಎರಡನೆಯದು ರೇಷ್ಮೆ ಸೀರೆ ಮತ್ತು ಚಿನ್ನದಂಗಡಿಗಳ ಮುದ್ರಣ ಜಾಹೀರಾತು, ಹೋರ್ಡಿಂಗ್. ಇದಕ್ಕೆ ಯುಗಾದಿ, ಅಕ್ಷಯ ತೃತೀಯ, ವರಮಹಾಲಕ್ಷ್ಮಿ, ದೀಪಾವಳಿಯ ಮುಂಚಿನ ವಾರಗಳೇ ಸುಗ್ಗಿ. ಮೂರನೆಯದು ಜಾಹೀರಾತು ಚಿತ್ರಗಳು. ಇಲ್ಲಿ ಮುಖದ ಜೊತೆಗೆ ಮಾತೂ ಲೆಕ್ಕಕ್ಕೆ ಬರುತ್ತದೆ. ಕನ್ನಡದಲ್ಲಿ ತಡವರಿಸದೆ ಎರಡು ಸಾಲು ಹೇಳಬಲ್ಲವರಿಗೆ ಕನ್ನಡ ಮಾರುಕಟ್ಟೆಯ ಜಾಹೀರಾತಿನಲ್ಲಿ ನಿಜವಾದ ಅನುಕೂಲವಿದೆ. ನಾಲ್ಕನೆಯದು ರ‍್ಯಾಂಪ್. ಅದರ ದೊಡ್ಡ ವೇದಿಕೆಗಳು ಮುಂಬೈ ಮತ್ತು ದೆಹಲಿಯಲ್ಲಿವೆ. ಬೆಂಗಳೂರಿನಲ್ಲೇ ಬೆಳೆದ ದೀಪಿಕಾ ಪಡುಕೋಣೆ ಜಾಹೀರಾತುಗಳಲ್ಲಿ ಕಾಣಿಸಿಕೊಂಡ ಮೇಲೆ 2005ರಲ್ಲಿ ಲ್ಯಾಕ್ಮೆ ಫ್ಯಾಷನ್ ವೀಕ್‌ನ ರ‍್ಯಾಂಪ್ ಏರಿದ್ದೂ ಮುಂಬೈಯಲ್ಲಿ.

ಎತ್ತರದ ವಿಷಯದಲ್ಲಿ ಮುಲಾಜಿಲ್ಲದೆ ಹೇಳಬೇಕು. ರ‍್ಯಾಂಪ್‌ಗೆ ಹುಡುಗಿಯರು ಸುಮಾರು 5 ಅಡಿ 8 ಅಂಗುಲ (173 ಸೆಂ.ಮೀ.), ಹುಡುಗರು 6 ಅಡಿ (183 ಸೆಂ.ಮೀ.) ಇದ್ದರೆ ಬಾಗಿಲು ತೆರೆಯುತ್ತದೆ. ಕಾರಣ ಸೌಂದರ್ಯದ ವಿಚಾರವಲ್ಲ. ವಿನ್ಯಾಸಕರು ಷೋಗೆ ಪ್ರತಿ ಉಡುಪನ್ನೂ ಒಂದೇ ಅಳತೆಯಲ್ಲಿ ಹೊಲಿಸಿರುತ್ತಾರೆ. ಯಾವ ಉಡುಪು ಯಾರಿಗೆ ಅನ್ನುವುದು ಕೊನೆಯ ದಿನದವರೆಗೂ ಬದಲಾಗುತ್ತಿರುತ್ತದೆ. ಆ ಒಂದು ಅಳತೆಗೆ ಹೊಂದದವರಿಗೆ ಅಲ್ಲಿ ಜಾಗ ಸಿಗುವುದು ಕಷ್ಟ. ಕ್ಯಾಟಲಾಗ್‌ನಲ್ಲಿ ಎತ್ತರ ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ, ಆದರೆ ಸ್ಯಾಂಪಲ್ ಸೈಜ್ (ಮಾದರಿ ಉಡುಪು ಹೊಲಿಸುವ ಅಳತೆ) ಮುಖ್ಯ. ಆಭರಣ ಮತ್ತು ಸೀರೆಯ ಮುದ್ರಣ ಜಾಹೀರಾತಿಗೆ 5 ಅಡಿ 4 ಅಂಗುಲದವರೂ ಆರಾಮವಾಗಿ ಕೆಲಸ ಮಾಡುತ್ತಾರೆ. ಕೈಬೆರಳು ನೀಳವಾಗಿದ್ದು ಚರ್ಮದಲ್ಲಿ ಕಲೆ ಇಲ್ಲದವರಿಗೆ ಉಂಗುರ, ಬಳೆ, ವಾಚುಗಳ ಕೈ-ಮಾಡೆಲ್ ಕೆಲಸವೇ ಬೇರೆ ಇದೆ, ಅಲ್ಲಿ ಎತ್ತರ ಯಾರೂ ಕೇಳುವುದಿಲ್ಲ. ಎತ್ತರ ಕಡಿಮೆಯಿದ್ದೂ ರ‍್ಯಾಂಪ್ ತರಗತಿಗೆ ಸೇರಿ ವರ್ಷ ಕಳೆಯುವುದಕ್ಕಿಂತ ನಿಮಗೆ ಹೊಂದುವ ಕೆಲಸದ ಕಡೆ ಮೊದಲ ದಿನವೇ ಮುಖ ಮಾಡುವುದು ಮೇಲು.

ಸೌಂದರ್ಯ ಸ್ಪರ್ಧೆ ಇನ್ನೊಂದೇ ದಾರಿ. ಮಂಗಳೂರಿನ ಶ್ರೀನಿಧಿ ಶೆಟ್ಟಿ 2016ರಲ್ಲಿ ಮಿಸ್ ಸುಪ್ರಾನ್ಯಾಷನಲ್ ಆದರು; 2022ರಲ್ಲಿ ಕರ್ನಾಟಕದ ಸಿನಿ ಶೆಟ್ಟಿ ಮಿಸ್ ಇಂಡಿಯಾ ಆದರು. ಸ್ಪರ್ಧೆಯಲ್ಲಿ ಮಾತು, ವೇದಿಕೆಯ ಹಿಡಿತ, ಪ್ರಶ್ನೋತ್ತರ ಎಲ್ಲಕ್ಕೂ ಅಂಕವಿದೆ. ಕ್ಯಾಟಲಾಗ್ ಸ್ಟುಡಿಯೊದಲ್ಲಿ ಕಿರೀಟ ನೋಡಿ ಕರೆಯುವುದಿಲ್ಲ, ಅಳತೆ ನೋಡಿ ಕರೆಯುತ್ತಾರೆ.

ಅಳತೆ ತೆಗೆಯುವ ಬಗೆ

ಎತ್ತರವನ್ನು ಬೆಳಿಗ್ಗೆ ಎದ್ದ ಮೇಲೆ ಅಳೆಯಿರಿ, ಸಂಜೆಗೆ ಬೆನ್ನುಮೂಳೆಯ ನಡುವಿನ ಮೆತ್ತೆ ಒತ್ತಿ ಸುಮಾರು 1 ಸೆಂ.ಮೀ. ಇಳಿದಿರುತ್ತದೆ. ಬರಿಗಾಲಿನಲ್ಲಿ ಹಿಮ್ಮಡಿ, ಬೆನ್ನು ಗೋಡೆಗೆ ತಾಗಿಸಿ ನಿಂತು, ಗಟ್ಟಿ ರಟ್ಟಿನ ಪುಸ್ತಕವನ್ನು ತಲೆಯ ಮೇಲೆ ಗೋಡೆಗೆ ಲಂಬವಾಗಿ ಇಡಿಸಿ, ಪುಸ್ತಕದ ಕೆಳ ಅಂಚಿಗೆ ಪೆನ್ಸಿಲ್ ಗೀಟು ಹಾಕಿಸಿ. ನೆಲದಿಂದ ಗೀಟಿಗೆ ಉಕ್ಕಿನ ಟೇಪಿನಲ್ಲಿ ಅಳೆಯಿರಿ. ಬಟ್ಟೆ ಟೇಪು ಹಳೆಯದಾದರೆ ಎಳೆದುಹೋಗಿರುತ್ತದೆ.

ಉಳಿದ ಅಳತೆಗೆ ಒಳಉಡುಪು ಮಾತ್ರ ಇರಲಿ. ಎದೆ ಸುತ್ತಳತೆ ಅತಿ ತುಂಬಿದ ಕಡೆ, ಬೆನ್ನಿನಲ್ಲಿ ಟೇಪು ಜಾರದಂತೆ ನೆಲಕ್ಕೆ ಸಮಾನಾಂತರವಾಗಿ. ಸೊಂಟ ಹೊಕ್ಕುಳಿನ ಮೇಲೆ ಎರಡು ಮೂರು ಬೆರಳು ಎತ್ತರದಲ್ಲಿ, ಅತಿ ಸಣ್ಣಗಿರುವ ಕಡೆ, ಉಸಿರು ಸಹಜವಾಗಿ ಬಿಟ್ಟ ಮೇಲೆ. ಹೊಟ್ಟೆ ಒಳಗೆಳೆದು ತೆಗೆದ ಅಳತೆ ಸ್ಟುಡಿಯೊದಲ್ಲಿ ಜಿಪ್ ಹಾಕುವಾಗ ಬಯಲಾಗುತ್ತದೆ. ಹಿಪ್ ಅಳತೆಗೆ ಎರಡೂ ಪಾದ ಜೋಡಿಸಿ ನಿಲ್ಲಬೇಕು, ಸೊಂಟದಿಂದ 7–9 ಅಂಗುಲ ಕೆಳಗೆ ಬರುತ್ತದೆ. ಭುಜದ ಅಳತೆ ಮೂಳೆಯಿಂದ ಮೂಳೆಗೆ. ಒಳಗಾಲಿನ ಉದ್ದಕ್ಕೆ ತೆಳುವಾದ ಪುಸ್ತಕವೊಂದನ್ನು ಕಾಲುಗಳ ನಡುವೆ ಮೇಲಕ್ಕೆ ಒತ್ತಿ ಹಿಡಿದು, ಅಲ್ಲಿಂದ ನೆಲಕ್ಕೆ. ಹುಡುಗರು ಕಾಲರ್ ಮತ್ತು ತೋಳಿನ ಉದ್ದವನ್ನೂ ಸೇರಿಸಿ. ಪಾದದ ಸೈಜನ್ನು ಭಾರತೀಯ ಮತ್ತು ಯುರೋಪಿಯನ್ ಎರಡರಲ್ಲೂ ಬರೆಯಿರಿ. ನಮ್ಮ 6 ಅಂದರೆ ಅವರ 39ರ ಆಸುಪಾಸು. ಎಲ್ಲವನ್ನೂ ಮೂರು ಸಲ ಅಳೆದು, ಅಂಗುಲ ಮತ್ತು ಸೆಂ.ಮೀ. ಎರಡರಲ್ಲೂ ಬರೆದಿಡಿ.

ಒಂದಂಗುಲ ಸುಳ್ಳು ಹೇಳಿದರೆ ಏನಾಗುತ್ತದೆ? ಸ್ಟುಡಿಯೊದಲ್ಲಿ ಸ್ಟೈಲಿಸ್ಟ್ ರ‍್ಯಾಕ್‌ನಲ್ಲಿ ನಲವತ್ತು ಉಡುಪು ತೂಗುಹಾಕಿ ಕಾಯುತ್ತಿರುತ್ತಾರೆ. ಮೂರನೆಯ ಪ್ಯಾಂಟು ಏರುವುದಿಲ್ಲ. ಛಾಯಾಗ್ರಾಹಕ, ಮೇಕಪ್‌ನವರು, ಸಹಾಯಕರು ಎಲ್ಲರ ದಿನಗೂಲಿ ಓಡುತ್ತಿರುತ್ತದೆ. ಅವತ್ತು ಯಾರೂ ಬೈಯುವುದಿಲ್ಲ, ಆದರೆ ಇನ್ನೊಮ್ಮೆ ಕರೆಯುವುದಿಲ್ಲ. ಏಕೆ ಕರೆಯಲಿಲ್ಲ ಅಂತ ನಿಮಗೆ ತಿಳಿಸುವವರೂ ಇರುವುದಿಲ್ಲ.

ಪೊಲರಾಯ್ಡ್ ಅಂದರೆ ನಿಮ್ಮ ನಿಜ ಮುಖ

ಹಿಂದೆ ಮಾಡೆಲ್‌ಗಳಿಗೆ ಕೆಲಸ ಹುಡುಕಿಕೊಡುವ ಏಜೆನ್ಸಿಗಳು ಪೊಲರಾಯ್ಡ್ ಕ್ಯಾಮೆರಾದಲ್ಲಿ ತೆಗೆಯುತ್ತಿದ್ದ ಸಾದಾ ಫೋಟೊಗಳ ಹೆಸರೇ ಇಂದಿಗೂ ಉಳಿದಿದೆ. ಕೆಲವರು ಡಿಜಿಟಲ್ಸ್ ಅನ್ನುತ್ತಾರೆ. ಮೇಕಪ್ ಇಲ್ಲ, ಫಿಲ್ಟರ್ ಇಲ್ಲ, ಆಭರಣವಿಲ್ಲ. ಮೈಗಂಟುವ ಕಪ್ಪು ಅಥವಾ ಬಿಳಿ ಬನಿಯನ್ ಟಾಪ್, ಗಾಢ ಬಣ್ಣದ ಬಿಗಿ ಜೀನ್ಸ್, ಎಲ್ಲೂ ಕಂಪನಿಯ ಹೆಸರು ಅಚ್ಚಾಗಿರಬಾರದು.

ಕಿಟಕಿಗೆ ಮುಖ ಮಾಡಿ, ಅದರಿಂದ ಮೂರು ನಾಲ್ಕು ಅಡಿ ದೂರ ನಿಲ್ಲಿ. ಹಿಂದಿನ ಗೋಡೆಗೂ ನಿಮಗೂ ಮೂರಡಿ ಅಂತರವಿದ್ದರೆ ನೆರಳು ಬೀಳುವುದಿಲ್ಲ. ಕೋಣೆಯ ಟ್ಯೂಬ್‌ಲೈಟು, ಬಲ್ಬು ಎಲ್ಲ ಆರಿಸಿ; ಬಿಸಿಲಿನ ಬೆಳಕಿಗೆ ಹಳದಿ ಬಲ್ಬು ಬೆರೆತರೆ ಚರ್ಮದ ಬಣ್ಣ ಸುಳ್ಳಾಗುತ್ತದೆ. ಮೋಡ ಕವಿದ ಬೆಂಗಳೂರಿನ ಬೆಳಗು ಇದಕ್ಕೆ ಹೇಳಿ ಮಾಡಿಸಿದ್ದು.

ಹೆಚ್ಚಿನವರು ತಪ್ಪುವುದು ಲೆನ್ಸಿನಲ್ಲಿ. ಫೋನಿನ ಸಾಮಾನ್ಯ ಲೆನ್ಸ್ ಅಗಲ ಕೋನದ್ದು. ಎರಡಡಿ ದೂರದಿಂದ ಮುಖ ತೆಗೆದರೆ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದಂತೆ ಕಾಣುತ್ತದೆ. ಐದಾರು ಅಡಿ ಹಿಂದೆ ಸರಿದು ಎರಡರಷ್ಟು ಜೂಮ್‌ನಲ್ಲಿ ತೆಗೆಯಿರಿ, ಹಿಂಬದಿಯ ಕ್ಯಾಮೆರಾದಲ್ಲೇ. ಮುಖದ ಚಿತ್ರಕ್ಕೆ ಫೋನು ಕಣ್ಣಿನ ಮಟ್ಟದಲ್ಲಿರಲಿ. ಪೂರ್ತಿ ನಿಲುವಿಗೆ ಹತ್ತು ಹನ್ನೆರಡು ಅಡಿ ದೂರ, ಫೋನು ಹೊಕ್ಕುಳಿನ ಮಟ್ಟಕ್ಕೆ. ತೆಗೆಯುವವರು ನಿಂತುಕೊಂಡು ಮೇಲಿನಿಂದ ತೆಗೆದರೆ ನಿಮ್ಮ ಕಾಲು ಅರ್ಧ ಅಡಿ ಗಿಡ್ಡವಾದಂತಿರುತ್ತದೆ. ಮಂಡಿಯೂರಿ ತೆಗೆಯಲು ಹೇಳಿ.

ಬೇಕಾದ ಚಿತ್ರಗಳು: ಕೂದಲು ಕಟ್ಟಿ ನೇರ ಮುಖ, ಕೂದಲು ಬಿಟ್ಟು ನೇರ ಮುಖ, ಹಲ್ಲು ಕಾಣುವ ನಗು, ಎಡ ಮತ್ತು ಬಲ ಪಾರ್ಶ್ವ, ಸೊಂಟದವರೆಗಿನದು, ಪೂರ್ತಿ ನಿಲುವು ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ. ಜೊತೆಗೆ ಅರ್ಧ ನಿಮಿಷದ ನಡಿಗೆಯ ವಿಡಿಯೊ ಒಂದು. ಇನ್ನೊಂದು ವಿಡಿಯೊದಲ್ಲಿ ಹೆಸರು, ವಯಸ್ಸು, ಎತ್ತರ, ಊರು, ಬರುವ ಭಾಷೆಗಳನ್ನು ಹೇಳಿ, ಎಡಕ್ಕೂ ಬಲಕ್ಕೂ ತಿರುಗಿ, ಎರಡೂ ಕೈ ಮುಂದೆ ಹಿಂದೆ ತೋರಿಸಿ. ಕಾಸ್ಟಿಂಗ್‌ನವರು (ಮಾಡೆಲ್ ಆರಿಸುವವರು) "ಇಂಟ್ರೊ, ಪ್ರೊಫೈಲ್ ಕಳಿಸಿ" ಅಂದರೆ ಇದೇ. ಹುಬ್ಬಳ್ಳಿಯಲ್ಲೋ ಶಿವಮೊಗ್ಗದಲ್ಲೋ ಇರುವವರು ಪ್ರತಿ ಆಡಿಷನ್‌ಗೂ ರಾತ್ರಿ ಬಸ್ಸು ಹತ್ತಬೇಕಾಗಿಲ್ಲ. ಮೊದಲ ಸುತ್ತು ಬಹುತೇಕ ಈ ವಿಡಿಯೊದಲ್ಲೇ ಮುಗಿಯುತ್ತದೆ.

ಮೈಬಣ್ಣದ ಬಗ್ಗೆ ಒಂದು ಮಾತು. ಫೋಟೊದಲ್ಲಿ ಬಣ್ಣ ತಿಳಿ ಮಾಡಬೇಡಿ. ಮೇಕಪ್ ಕಲಾವಿದರು ನಿಮ್ಮ ಪೊಲರಾಯ್ಡ್ ನೋಡಿ ಫೌಂಡೇಶನ್ ತಂದಿರುತ್ತಾರೆ. ಬಣ್ಣ ಸುಳ್ಳಾದರೆ ಮುಖ ಬೂದಿ ಬಳಿದಂತಾಗಿ ಕುತ್ತಿಗೆ ಬೇರೆ ಕಾಣುತ್ತದೆ. ಕಪ್ಪು ಮೈಬಣ್ಣಕ್ಕೆ ಕೆಲಸವಿಲ್ಲ ಅನ್ನುವ ಮಾತನ್ನು ನಂಬಿ ಬ್ಲೀಚ್, ಸ್ಟಿರಾಯ್ಡ್ ಬೆರೆಸಿದ ಕ್ರೀಮುಗಳಿಗೆ ಕೈ ಹಾಕಬೇಡಿ. ಸ್ಟಿರಾಯ್ಡ್ ಚರ್ಮವನ್ನು ತೆಳುವಾಗಿಸುತ್ತದೆ, ನಿಲ್ಲಿಸಿದ ಕೂಡಲೇ ಮುಖವೆಲ್ಲ ಕೆಂಪೇಳುತ್ತದೆ. ಬೆಂಗಳೂರಿನಲ್ಲೇ ಹುಟ್ಟಿದ ಮಾಡೆಲ್ ಲಕ್ಷ್ಮಿ ಮೆನನ್ ಯುರೋಪಿನ ರ‍್ಯಾಂಪ್‌ಗಳಲ್ಲಿ ನಡೆದದ್ದು ತಮ್ಮದೇ ಬಣ್ಣದಲ್ಲಿ.

ಕಳಿಸುವುದು ಮತ್ತು ಕಾಯುವುದು

ಏಜೆನ್ಸಿಯ ಜಾಲತಾಣದಲ್ಲಿ ಹೊಸಬರಿಗೆ ಅಂತ ಕೊಟ್ಟಿರುವ ಇಮೇಲ್ ಅಥವಾ ಅರ್ಜಿಗೇ ಕಳಿಸಿ. ವಿಷಯದ ಸಾಲಿನಲ್ಲಿ ಹೆಸರು, ಎತ್ತರ, ವಯಸ್ಸು, ಊರು. ಒಳಗೆ ಐದಾರು ಸಾಲು, ಅಳತೆಗಳು, ಆರು ಚಿತ್ರ; ಎಲ್ಲ ಸೇರಿ 5 ಎಂಬಿ ಮೀರದಂತೆ. ಅನುಮತಿ ಕೇಳುವ ಡ್ರೈವ್ ಲಿಂಕ್ ಕಳಿಸಿದರೆ ಯಾರೂ ತೆರೆಯುವುದಿಲ್ಲ. ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ, ಅಷ್ಟೇ. ಉತ್ತರ ಬರದಿದ್ದರೆ ಅವರ ಬಳಿ ನಿಮ್ಮಂಥ ಮುಖ ಆಗಲೇ ಇರಬಹುದು. ಆರು ತಿಂಗಳ ನಂತರ ಹೊಸ ಚಿತ್ರಗಳೊಂದಿಗೆ ಮತ್ತೆ ಕಳಿಸುವುದರಲ್ಲಿ ಮುಜುಗರವೇನಿಲ್ಲ.

ಈಗ ಅತಿ ಮುಖ್ಯವಾದದ್ದು. ಏಜೆನ್ಸಿಯ ಆದಾಯ ನಿಮ್ಮ ಸಂಪಾದನೆಯಲ್ಲಿನ ಪಾಲು, ಸಾಮಾನ್ಯವಾಗಿ ಶೇ 20ರ ಆಸುಪಾಸು. ನಿಮಗೆ ಕೆಲಸ ಸಿಕ್ಕರೆ ಮಾತ್ರ ಅವರಿಗೆ ದುಡ್ಡು. ಹಾಗಿರುವಾಗ ನೋಂದಣಿ ಶುಲ್ಕ, ಗ್ರೂಮಿಂಗ್ ಶುಲ್ಕ, "ನಮ್ಮ ಹತ್ತಿರವೇ ಪೋರ್ಟ್‌ಫೋಲಿಯೊ ಮಾಡಿಸಲೇಬೇಕು", "ಬ್ರ್ಯಾಂಡ್ ನಿಮ್ಮನ್ನು ಆರಿಸಿದೆ, ಹೋಟೆಲ್ ಬುಕಿಂಗ್‌ಗೆ ಮರಳಿಸುವ ಠೇವಣಿ ಕಟ್ಟಿ" ಅಂದವರು ಏಜೆನ್ಸಿಯಲ್ಲ. ನೀವೇ ಅವರ ಗಿರಾಕಿ. ವಾಟ್ಸ್‌ಆ್ಯಪ್ ಚಿತ್ರದಲ್ಲಿ ದೊಡ್ಡ ಕಂಪನಿಯ ಲಾಂಛನ ಹಾಕಿಕೊಳ್ಳುವುದು ಎರಡು ನಿಮಿಷದ ಕೆಲಸ. ಕಂಪನಿಯದೇ ವಿಳಾಸದಿಂದ ಇಮೇಲ್ ಕಳಿಸಲು ಹೇಳಿ, ಏಜೆನ್ಸಿಯ ಪಟ್ಟಿಯಲ್ಲಿರುವ ಇಬ್ಬರು ಮಾಡೆಲ್‌ಗಳಿಗೆ ನೀವೇ ಸಂದೇಶ ಕಳಿಸಿ ಕೇಳಿ. ಹಣ ಹೋಗಿಬಿಟ್ಟಿದ್ದರೆ ನಾಚಿಕೊಂಡು ಕೂರದೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಹೇಳಿದರೆ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಈಜುಡುಗೆಯ ಪೊಲರಾಯ್ಡ್ ಕೇಳುವುದು ರ‍್ಯಾಂಪ್ ಏಜೆನ್ಸಿಗಳಲ್ಲಿ ಇರುವ ಪದ್ಧತಿಯೇ. ಆದರೆ ಅದನ್ನು ಕಚೇರಿಯಲ್ಲಿ, ಹಗಲಿನಲ್ಲಿ, ನೀವು ಕರೆದೊಯ್ದವರು ಪಕ್ಕದಲ್ಲಿರುವಾಗ ತೆಗೆಯುತ್ತಾರೆ. ಅಪರಿಚಿತ ನಂಬರಿಗೆ ಫೋನಿನಲ್ಲಿ ಕಳಿಸುವಂಥದ್ದಲ್ಲ. 18 ತುಂಬದವರು ಯಾರಿಗೂ ಕಳಿಸಕೂಡದು, ಯಾರೂ ಕೇಳಕೂಡದು. 18ರ ಒಳಗಿನವರ ಕರಾರಿಗೆ ಅಪ್ಪ ಅಮ್ಮನೋ ಪೋಷಕರೋ ಸಹಿ ಹಾಕಬೇಕು. 14ರ ಒಳಗಿನ ಮಕ್ಕಳನ್ನು ಜಾಹೀರಾತಿನಲ್ಲಿ ಬಳಸಲು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು, ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸವಿಲ್ಲ, ವಿರಾಮವಿಲ್ಲದೆ 3 ಗಂಟೆ ಮೀರುವಂತಿಲ್ಲ, ಸಂಪಾದನೆಯಲ್ಲಿ ಕನಿಷ್ಠ ಶೇ 20 ಮಗುವಿನ ಹೆಸರಿನ ಠೇವಣಿಗೆ ಹೋಗಬೇಕು.

ಪೋರ್ಟ್‌ಫೋಲಿಯೊ ಬೇಕಾಗುವುದು ಇದೆಲ್ಲ ಆದ ಮೇಲೆ, ಅದೂ ಹತ್ತು ಹನ್ನೆರಡು ಚಿತ್ರ ಸಾಕು. ಹೊಸ ಛಾಯಾಗ್ರಾಹಕರು, ಮೇಕಪ್ ಕಲಿಯುತ್ತಿರುವವರು, ವಿನ್ಯಾಸ ಓದುವವರು ಎಲ್ಲರಿಗೂ ತಮ್ಮ ಕೆಲಸ ತೋರಿಸಲು ಚಿತ್ರ ಬೇಕಿರುತ್ತದೆ. ಯಾರೂ ಯಾರಿಗೂ ದುಡ್ಡು ಕೊಡದೆ ಕೂಡಿ ಮಾಡುವ ಇಂಥ ಶೂಟ್‌ಗೆ ಟಿಎಫ್‌ಪಿ ಅಥವಾ ಕೊಲ್ಯಾಬ್ ಅನ್ನುತ್ತಾರೆ. ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್‌ನಲ್ಲಿರುವ, ಫ್ಯಾಷನ್ ಕಲಿಸುವ ನಿಫ್ಟ್‌ನಂಥ ಕಡೆ ಅಂತಿಮ ವರ್ಷದ ವಿದ್ಯಾರ್ಥಿಗಳು ಪದವಿಗಾಗಿ ವಿನ್ಯಾಸ ಮಾಡಿದ ಉಡುಪುಗಳಿಗೆ ಮಾಡೆಲ್ ಹುಡುಕುತ್ತಾರೆ. ನಿಮಗೆ ಒಳ್ಳೆ ಉಡುಪು, ಅವರಿಗೆ ಒಳ್ಳೆ ಚಿತ್ರ. ಎಷ್ಟು ಫೋಟೊ, ಎಷ್ಟು ದಿನದಲ್ಲಿ, ಎಲ್ಲಿ ಬಳಸಬಹುದು ಅನ್ನುವುದನ್ನು ಮಾತ್ರ ಮೊದಲೇ ಸಂದೇಶದಲ್ಲಿ ಬರೆದುಕೊಳ್ಳಿ. ಒಂದೇ ದಿನ ಎಂಟು ಬಟ್ಟೆ ಬದಲಿಸಿ ಒಬ್ಬರೇ ತೆಗೆದ ನಲವತ್ತು ಚಿತ್ರಕ್ಕಿಂತ, ನಾಲ್ಕು ಮಂದಿ ನಾಲ್ಕು ಬೆಳಕಿನಲ್ಲಿ ತೆಗೆದ ಹತ್ತು ಚಿತ್ರಕ್ಕೆ ಬೆಲೆ ಹೆಚ್ಚು.

ಕ್ಯಾಟಲಾಗ್‌ನ ಒಂದು ದಿನ

ಕರೆ ಬರುತ್ತದೆ: "ಹದಿನಾಲ್ಕನೇ ತಾರೀಕು ಡೇಟ್ ಬ್ಲಾಕ್ ಮಾಡಿ." ಬ್ಲಾಕ್ ಅಂದರೆ ಕೆಲಸ ಖಾತ್ರಿಯಲ್ಲ. ಗಿರಾಕಿ, ಅಂದರೆ ಕೆಲಸ ಕೊಡುವ ಕಂಪನಿ, ಇನ್ನೂ ಮೂವರಿಗೆ ಹಾಗೇ ಹೇಳಿರಬಹುದು. "ಯಾವತ್ತು ಕನ್ಫರ್ಮ್ ಮಾಡ್ತೀರಿ?" ಅಂತ ಕೇಳಿ, ಆ ದಿನ ಇನ್ನೊಬ್ಬರು ಕರೆದರೆ ಮೊದಲಿನವರಿಗೆ ತಿಳಿಸಿ ಉತ್ತರ ಪಡೆಯಿರಿ. ಹೇಳದೆ ಕೈಕೊಟ್ಟರೆ ಹೆಸರು ಕೆಡುತ್ತದೆ, ಕೇಳದೆ ಕಾದರೆ ಎರಡೂ ಹೋಗುತ್ತದೆ.

ಚೀಲದಲ್ಲಿ ಇರಬೇಕಾದದ್ದು: ಮೈಬಣ್ಣದ, ಹೊಲಿಗೆಯ ಗೆರೆ ಕಾಣದ ಒಳಉಡುಪು ಎರಡು ಜೊತೆ, ಪಟ್ಟಿಯಿಲ್ಲದ ಬ್ರಾ, ಮೈಬಣ್ಣದ ಮತ್ತು ಕಪ್ಪು ಹೀಲ್ಸ್, ಎರಡು ಬದಿ ಅಂಟುವ ಟೇಪು, ಸೇಫ್ಟಿ ಪಿನ್ನು, ಬ್ಯಾಂಡ್‌ಏಡ್, ತೆಳು ಸ್ಕಾರ್ಫ್. ಹುಡುಗರಿಗೆ ಕಪ್ಪು ಮತ್ತು ಕಂದು ಷೂ, ಕಪ್ಪು ಹಾಗೂ ಬಿಳಿ ಸಾಕ್ಸ್, ಟ್ರಿಮ್ಮರ್. ಸ್ಕಾರ್ಫ್ ಏಕೆಂದರೆ ತಲೆಯ ಮೇಲಿಂದ ಹಾಕುವ ಉಡುಪು ತೊಡುವಾಗ ಮುಖಕ್ಕೆ ಅದನ್ನು ಹೊದಿಸಿಕೊಳ್ಳದಿದ್ದರೆ ಬಿಳಿ ಕುರ್ತಾದ ಕೊರಳಿಗೆ ಫೌಂಡೇಶನ್ ಮೆತ್ತುತ್ತದೆ, ಆ ಸ್ಯಾಂಪಲ್ ಅಲ್ಲಿಗೆ ಹಾಳು. ಕೂದಲು ಹಿಂದಿನ ರಾತ್ರಿ ತೊಳೆದು ಒಣಗಿಸಿರಲಿ, ಎಣ್ಣೆ ಬೇಡ. ವ್ಯಾಕ್ಸಿಂಗ್, ಥ್ರೆಡಿಂಗ್ ಎರಡು ದಿನ ಮುಂಚೆ ಮುಗಿಸಿ, ಅದೇ ದಿನ ಮಾಡಿಸಿದರೆ ಗುಳ್ಳೆ ಕಾಣುತ್ತದೆ. ಹೊಸ ಫೇಶಿಯಲ್ಲನ್ನು ಶೂಟಿನ ವಾರ ಪ್ರಯೋಗಿಸಬೇಡಿ. ಕೈಗೆ ಕಟ್ಟಿದ ದಾರ, ವಾಚಿನ ಬಿಳಿ ಪಟ್ಟಿ, ಅರ್ಧ ಹೋದ ಮೆಹಂದಿ ಆಭರಣದ ಶೂಟ್‌ಗೆ ದೊಡ್ಡ ತೊಂದರೆ, ಮೊದಲೇ ತಿಳಿಸಿ.

ಶೂಟ್ ಶುರುವಾದ ಮೇಲೆ ವೇಗವೇ ಎಲ್ಲ. ಒಂದು ಉಡುಪಿಗೆ ಐದಾರು ನಿಮಿಷವೂ ಸಿಗುವುದಿಲ್ಲ: ಮುಂದೆ, ಓರೆಯಾಗಿ ಮುಕ್ಕಾಲು, ಪಕ್ಕ, ಹಿಂದೆ, ಬಟ್ಟೆಯ ಹತ್ತಿರದ ಚಿತ್ರ. ಉಡುಪು ಸಡಿಲವಿದ್ದರೆ ಸ್ಟೈಲಿಸ್ಟ್ ಬೆನ್ನ ಹಿಂದೆ ಮೂರು ನಾಲ್ಕು ಕ್ಲಿಪ್ ಹಾಕಿ ಬಿಗಿ ಮಾಡುತ್ತಾರೆ. ಮುಂದಿನಿಂದ ಚೆನ್ನಾಗಿ ಕೂತಂತೆ ಕಾಣುವ ಶರ್ಟಿನ ಹಿಂದೆ ಇಡೀ ಬೆನ್ನು ಕ್ಲಿಪ್ಪುಗಳ ಸಾಲು. ಅಂಥ ಹೊತ್ತಿನಲ್ಲಿ ಅರ್ಧ ಇಂಚು ತಿರುಗಿದರೂ ಕ್ಲಿಪ್ ಕಾಣುತ್ತದೆ, ಭುಜ ಎತ್ತಿದರೆ ಬಟ್ಟೆ ಎಳೆದು ಗೆರೆ ಬೀಳುತ್ತದೆ. ಮುಂಭಾಗದ ಚಿತ್ರ ಮುಗಿದ ಮೇಲೆ ಕ್ಲಿಪ್ ತೆಗೆಸಿಕೊಂಡೇ ತಿರುಗಿ.

ನಿಲ್ಲುವಾಗ ಭಾರವೆಲ್ಲ ಹಿಂದಿನ ಕಾಲಿನ ಮೇಲೆ, ಮುಂದಿನ ಮಂಡಿ ಸಡಿಲ. ತೋಳಿಗೂ ಸೊಂಟಕ್ಕೂ ನಡುವೆ ಕಿಂಡಿ ಇರಲಿ, ಇಲ್ಲದಿದ್ದರೆ ದೇಹ ಕಂಬದಂತೆ ಕಾಣುತ್ತದೆ. ಕ್ಯಾಮೆರಾಗೆ ಹಸ್ತದ ಅಗಲ ಬೇಡ, ಅಂಚು ತೋರಿಸಿ. ಜೇಬು, ಗುಂಡಿ, ಕಸೂತಿ ಮುಚ್ಚುವಂತೆ ಕೈ ಇಡಬೇಡಿ, ಕೊಳ್ಳುವವರು ನೋಡಲು ಬಂದಿರುವುದೇ ಅದನ್ನು. ಹೊಸಬರ ಮೊದಲ ಹತ್ತು ಉಡುಪು ಚೆನ್ನಾಗಿ ಬಂದು, ಇಪ್ಪತ್ತೈದನೆಯದರಲ್ಲಿ ಭುಜ ಇಳಿದು ಕಣ್ಣು ಸೋತಿರುತ್ತದೆ. ಎರಡು ಮೂರು ಗಂಟೆಗೊಮ್ಮೆ ಒಂದು ಬಾಳೆಹಣ್ಣು, ಎರಡು ಇಡ್ಲಿ, ಮೊಸರನ್ನ, ಹೀಗೆ ಸ್ವಲ್ಪ ಸ್ವಲ್ಪ ತಿನ್ನಿ. ಸೋಡಾ, ಉಪ್ಪಿನ ಚಿಪ್ಸ್ ಹೊಟ್ಟೆ ಉಬ್ಬಿಸುತ್ತವೆ. ಶೂಟ್‌ಗಳ ನಡುವೆ ಹೀಲ್ಸ್ ಬಿಚ್ಚಿ ಕೂರಿ.

ತಿನ್ನುವ ವಿಷಯ ಬಂತು. ಹಸಿದು ಸಣ್ಣಗಾಗುವ ಹುಚ್ಚು ಈ ಕಸುಬಿನಲ್ಲಿ ಬಹಳ ಜನರನ್ನು ಹಾಳು ಮಾಡಿದೆ. ಇಸ್ರೇಲ್ 2013ರಿಂದ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 18.5ಕ್ಕಿಂತ ಕಡಿಮೆ ಇರುವವರನ್ನು ಕೆಲಸಕ್ಕೆ ಬಳಸದಂತೆ ಕಾನೂನು ತಂದಿತು. ಫ್ರಾನ್ಸ್ 2017ರಿಂದ ವೈದ್ಯರ ಪ್ರಮಾಣಪತ್ರ ಕಡ್ಡಾಯ ಮಾಡಿತು. 173 ಸೆಂ.ಮೀ. ಎತ್ತರಕ್ಕೆ 18.5 ಅಂದರೆ ಸುಮಾರು 55 ಕಿಲೊ. ಅದಕ್ಕಿಂತ ಇಳಿಯಿರಿ ಅಂತ ಯಾರಾದರೂ ಒತ್ತಾಯಿಸಿದರೆ ಆ ಕೆಲಸ ಬಿಡಿ. ಮುಟ್ಟು ತಪ್ಪುವುದು, ಕೂದಲು ಉದುರುವುದು ದೇಹ ಕೊಡುವ ಎಚ್ಚರಿಕೆ, ಸುಮ್ಮನಿರಬೇಡಿ.

ಸೀರೆಯಲ್ಲಿ ನಡೆಯುವುದು

ನಡಿಗೆಯ ಅಭ್ಯಾಸಕ್ಕೆ ಮನೆಯ ಮಹಡಿಯಲ್ಲಿ ಮೂವತ್ತು ಅಡಿ ಟೇಪು ಅಂಟಿಸಿಕೊಳ್ಳಿ. ಮೊದಲ ಎರಡು ವಾರ 3 ಅಂಗುಲದ ದಪ್ಪ ಹೀಲ್ಸ್, ಆಮೇಲೆ 4 ಅಂಗುಲದ ಚೂಪು ಹೀಲ್ಸ್, ದಿನಕ್ಕೆ ಹದಿನೈದು ನಿಮಿಷ. ಎದುರಿನಿಂದ ವಿಡಿಯೊ ತೆಗೆದು ನೋಡಿದರೆ ತಪ್ಪು ತಾನಾಗೇ ಕಾಣುತ್ತದೆ: ನೆಲ ನೋಡುವುದು, ಹೆಜ್ಜೆಗೊಮ್ಮೆ ತಲೆ ಕುಣಿಯುವುದು, ಒಂದು ಕೈ ಮಾತ್ರ ಬೀಸುವುದು. ಕೊನೆಯಲ್ಲಿ ನಿಂತು ಮೂರು ಎಣಿಸುವಷ್ಟು ಹೊತ್ತು ಬೇಕು. ಗಾಬರಿಯಲ್ಲಿ ಒಂದಕ್ಕೇ ತಿರುಗಿದರೆ ಛಾಯಾಗ್ರಾಹಕರಿಗೆ ಚಿತ್ರ ಸಿಗುವುದಿಲ್ಲ.

ಇದನ್ನೆಲ್ಲ ಗೌನ್‌ನಲ್ಲಿ ಕಲಿತವರು ಸೀರೆಯಲ್ಲಿ ಎಡವುತ್ತಾರೆ. ನಮ್ಮ ಕಡೆ ಸೀರೆಯ ಷೋಗಳೇ ಹೆಚ್ಚು, ಹಾಗಾಗಿ ಇದನ್ನು ಬಿಡಿಸಿ ಹೇಳಬೇಕು. ಮೊದಲು ಹೀಲ್ಸ್ ಹಾಕಿಕೊಂಡು ಆಮೇಲೆ ಸೀರೆ ಉಡಿಸಿಕೊಳ್ಳಿ. ಬರಿಗಾಲಲ್ಲಿ ಉಟ್ಟು ಆಮೇಲೆ ಹೀಲ್ಸ್ ಹಾಕಿದರೆ ಅಂಚು ನಾಲ್ಕು ಅಂಗುಲ ಮೇಲೇರಿ ಪಾದವೆಲ್ಲ ಕಾಣುತ್ತದೆ. ಎತ್ತರದ ಹುಡುಗಿಗೆ ಸೊಂಟದಿಂದ ನೆಲಕ್ಕೆ 42 ಅಂಗುಲವಿದ್ದರೆ ಹೀಲ್ಸ್ ಸೇರಿ 46. ಸೀರೆಯ ಪನ್ನವೇ (ಅಗಲವೇ) 45–46 ಇದ್ದರೆ ಸಿಕ್ಕಿಸಲು ಬಟ್ಟೆ ಉಳಿಯುವುದಿಲ್ಲ. ಆಗ ಒಳಲಂಗವನ್ನು ಹೊಕ್ಕುಳಿನಿಂದ ಮೂರು ಅಂಗುಲ ಕೆಳಗೆ ಕಟ್ಟಿಸಿಕೊಳ್ಳಬೇಕು, ಇಲ್ಲವೇ ಗಿಡ್ಡ ಹೀಲ್ಸ್ ಕೇಳಬೇಕು. ಫಿಟಿಂಗ್ ದಿನವೇ ಇದು ಇತ್ಯರ್ಥವಾಗಲಿ.

ಮೈಸೂರು ರೇಷ್ಮೆಯ ಕ್ರೇಪ್ ಜಾರುತ್ತದೆ, ಕಾಲಿಗೆ ಅಂಟುತ್ತದೆ. ಒಳಗೆ ಸ್ಯಾಟಿನ್ ಲಂಗವಿದ್ದರೆ ನೆರಿಗೆ ನಾಲ್ಕು ಹೆಜ್ಜೆಗೆ ಇಳಿಯಲು ಶುರು. ಹತ್ತಿ ಲಂಗ ಬಟ್ಟೆಯನ್ನು ಹಿಡಿದಿಡುತ್ತದೆ. ನೆರಿಗೆಗಳನ್ನು ಸೊಂಟದಿಂದ ಒಂದು ಗೇಣು ಕೆಳಗೆ ಒಳಭಾಗದಿಂದ ಒಂದು ಪಿನ್ನು ಹಾಕಿ ಕೂಡಿಸಿ. ನಡೆಯುವಾಗ ಪಾದ ಊರುವ ಮೊದಲು ಬೆರಳ ತುದಿಯಿಂದ ನೆರಿಗೆಯನ್ನು ಒಳಗಿನಿಂದ ಮೆಲ್ಲಗೆ ಮುಂದಕ್ಕೆ ತಳ್ಳಬೇಕು. ಜೋರಾಗಿ ಒದ್ದರೆ ಅಂಚು ಹಾರಿ ಲಂಗ ಕಾಣುತ್ತದೆ, ತಳ್ಳದಿದ್ದರೆ ಹೀಲ್ಸ್ ಅಂಚಿನ ಮೇಲೆ ಕೂತು ಇಡೀ ಸೀರೆ ಕಳಚುತ್ತದೆ. ಹೆಜ್ಜೆ ಗೌನ್‌ನ ಹೆಜ್ಜೆಗಿಂತ ಮುಕ್ಕಾಲು. ಕೈಯಲ್ಲಿ ನೆರಿಗೆ ಎತ್ತಬೇಡಿ.

ತಿರುಗುವಾಗ ಬಲಕ್ಕೆ ತಿರುಗಿ. ಎಡಭುಜದ ಸೆರಗು ಆಗ ಪ್ರೇಕ್ಷಕರ ಎದುರಿಗೇ ಹಾದುಹೋಗುತ್ತದೆ, ನೇಕಾರರ ಶ್ರಮವೆಲ್ಲ ಇರುವುದು ಆ ಸೆರಗಿನಲ್ಲೇ. ಕೊಡವ ಶೈಲಿಯಲ್ಲಿ ಉಟ್ಟಿದ್ದರೆ ನೆರಿಗೆ ಹಿಂದೆ ಬರುವುದರಿಂದ, ಬೆನ್ನು ತೋರಿದ ಮೇಲೆ ಒಂದು ಕ್ಷಣ ನಿಂತು ಮುಂದುವರಿಯಿರಿ.

ಸಹಿ ಹಾಕುವ ಮುನ್ನ

ಕರಾರಿನಲ್ಲಿ ಸಂಭಾವನೆಗಿಂತ ಮೊದಲು ನೋಡಬೇಕಾದ್ದು ಬಳಕೆಯ ಸಾಲು: ಯಾವ ಮಾಧ್ಯಮ, ಯಾವ ಪ್ರದೇಶ, ಎಷ್ಟು ಕಾಲ. "ಎಲ್ಲ ಮಾಧ್ಯಮಗಳಲ್ಲಿ, ಜಗತ್ತಿನಾದ್ಯಂತ, ಶಾಶ್ವತವಾಗಿ" ಅಂತ ಬರೆದಿದ್ದರೆ ಒಂದು ದಿನದ ಕೂಲಿಗೆ ಜೀವಮಾನದ ಮುಖ ಕೊಟ್ಟಂತೆ. "ಭಾರತ, ಡಿಜಿಟಲ್ ಮತ್ತು ಮುದ್ರಣ, 1 ವರ್ಷ, ಮುಂದುವರಿಸಿದರೆ ಹೊಸ ಶುಲ್ಕ" ಅಂತ ತಿದ್ದಿಸಿ. ಚಿನ್ನದಂಗಡಿಯ ಕರಾರುಗಳಲ್ಲಿ ಆ ಅವಧಿಯಲ್ಲಿ ಬೇರೆ ಚಿನ್ನದಂಗಡಿಗೆ ಕೆಲಸ ಮಾಡಬಾರದು ಅಂತ ಇರುತ್ತದೆ. ಅದು ನ್ಯಾಯವೇ, ಆದರೆ ಹಬ್ಬದ ಸುಗ್ಗಿಯೆಲ್ಲ ಬಿಟ್ಟುಕೊಡುವುದಕ್ಕೆ ತಕ್ಕಂತೆ ಹಣವೂ ಹೆಚ್ಚಿರಬೇಕು.

ಈಗ ಹೊಸದಾಗಿ ಸೇರಿರುವುದು ಎಐ. ನಿಮ್ಮ ಚಿತ್ರದಿಂದ ಡಿಜಿಟಲ್ ಪ್ರತಿರೂಪ ಮಾಡಿ, ನೀವು ತೊಡದೇ ಇದ್ದ ನೂರು ಉಡುಪನ್ನು ಅದಕ್ಕೆ ತೊಡಿಸಬಹುದು. ನ್ಯೂಯಾರ್ಕ್‌ನಲ್ಲಿ 2025ರ ಜೂನ್‌ನಿಂದ ಜಾರಿಯಲ್ಲಿರುವ ಕಾನೂನು ಇದಕ್ಕೆ ಮಾಡೆಲ್‌ನ ಪ್ರತ್ಯೇಕ ಲಿಖಿತ ಒಪ್ಪಿಗೆ ಕೇಳುತ್ತದೆ, ಏಜೆನ್ಸಿಯ ಪಾಲನ್ನೂ ಶೇ 20ಕ್ಕೆ ಮಿತಿಗೊಳಿಸಿದೆ. ಇಲ್ಲಿ ನಿಮ್ಮ ಕರಾರಿನ ಸಾಲೇ ನಿಮಗೆ ಕಾವಲು: "ನನ್ನ ಪ್ರತ್ಯೇಕ ಲಿಖಿತ ಒಪ್ಪಿಗೆ ಇಲ್ಲದೆ ಈ ಚಿತ್ರಗಳಿಂದ ಡಿಜಿಟಲ್ ಪ್ರತಿರೂಪ ತಯಾರಿಸುವಂತಿಲ್ಲ." ಈ ಒಂದು ವಾಕ್ಯ ಸೇರಿಸಿ ಅಂತ ಕೇಳಲು ಹಿಂಜರಿಯಬೇಡಿ.

ಏಜೆನ್ಸಿಯೊಂದಿಗಿನ ಕರಾರಿನಲ್ಲಿ ಅವಧಿ, ಯಾವ ಊರುಗಳಲ್ಲಿ ಅವರ ಮೂಲಕ ಮಾತ್ರ ಕೆಲಸ ಮಾಡಬೇಕು ಅನ್ನುವುದು, ಬಿಡುವುದಾದರೆ ಎಷ್ಟು ದಿನದ ನೋಟಿಸು, ಈ ಮೂರು ನೋಡಿ. ಮೊದಲ ಸಲಕ್ಕೆ ಒಂದು ವರ್ಷ ಸಾಕು.

ಹಣದ ಲೆಕ್ಕ ಹೀಗೆ. ಗಿರಾಕಿ ₹20,000 ಕೊಟ್ಟರು ಅಂದುಕೊಳ್ಳಿ. ಏಜೆನ್ಸಿಯ ಶೇ 20 ಹೋದರೆ ₹16,000. ಅದರಲ್ಲಿ ಶೇ 10 ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ) ಹಿಡಿದರೆ ಕೈಗೆ ₹14,400. ಟಿಡಿಎಸ್‌ಗೆ ಹೋದ ₹1,600 ಕಳೆದುಹೋದದ್ದಲ್ಲ. ವರ್ಷಕ್ಕೊಮ್ಮೆ ರಿಟರ್ನ್ಸ್ ಸಲ್ಲಿಸಿದರೆ, ತೆರಿಗೆ ಕಟ್ಟುವಷ್ಟು ಆದಾಯವಿಲ್ಲದಿದ್ದಾಗ ವಾಪಸ್ ಬರುತ್ತದೆ. ಪ್ಯಾನ್ ಕೊಡದಿದ್ದರೆ ಶೇ 20 ಹಿಡಿಯುತ್ತಾರೆ, ಆದ್ದರಿಂದ ಮೊದಲ ಕೆಲಸಕ್ಕೆ ಮುಂಚೆಯೇ ಪ್ಯಾನ್ ಮಾಡಿಸಿಕೊಳ್ಳಿ. ಪಾವತಿ ಬರಲು 45ರಿಂದ 90 ದಿನ ಹಿಡಿಯುವುದು ಇಲ್ಲಿ ಮಾಮೂಲು, ಹಾಗಾಗಿ ಬೆಂಗಳೂರಿನಲ್ಲಿ ಮನೆ ಮಾಡುವ ಮೊದಲು ನಾಲ್ಕು ತಿಂಗಳ ಬಾಡಿಗೆ ಊಟದ ಖರ್ಚು ಕೈಯಲ್ಲಿರಲಿ, ಇಲ್ಲವೇ ಓದೋ ಇನ್ನೊಂದು ಕೆಲಸವೋ ಜೊತೆಗಿರಲಿ. ಶೂಟ್ ಮುಗಿದ ದಿನವೇ ಇನ್‌ವಾಯ್ಸ್ ಕಳಿಸಿ. ಒಂದು ನೋಟ್‌ಪುಸ್ತಕದಲ್ಲಿ ದಿನಾಂಕ, ಗಿರಾಕಿ, ಒಪ್ಪಿದ ಮೊತ್ತ, ಹೆಚ್ಚುವರಿ ಗಂಟೆ, ಬಳಕೆಯ ಅವಧಿ ಮುಗಿಯುವ ದಿನ, ಹಣ ಬಂದ ದಿನ ಬರೆಯುತ್ತಾ ಹೋಗಿ. ಅವಧಿ ಮುಗಿದ ಮೇಲೂ ನಿಮ್ಮ ಮುಖ ಯಾವುದಾದರೂ ಅಂಗಡಿಯ ಹೋರ್ಡಿಂಗ್‌ನಲ್ಲಿ ಉಳಿದಿದ್ದರೆ, ದಿನಾಂಕದ ಪತ್ರಿಕೆ ಕೈಯಲ್ಲಿ ಹಿಡಿದು ಅದರ ಫೋಟೊ ತೆಗೆದುಕೊಳ್ಳಿ. ನವೀಕರಣ ಶುಲ್ಕ ಕೇಳುವಾಗ ಏಜೆನ್ಸಿಗೆ ಬೇಕಾಗುವುದು ಆ ಫೋಟೊ ಮತ್ತು ನೋಟ್‌ಪುಸ್ತಕದ ಆ ಒಂದು ಸಾಲು.